ಇಲ್ಮಾಳ ಊಟದ ಪುಸ್ತಕ

ಬಾಗಿಲು ಬಡಿದ ಸದ್ದು ಮೂರು ಸಲ ಕೇಳಿಸಿತು. ನಾಲ್ಕನೆಯದು ಬಡಿತವಲ್ಲ, ಒದೆತ.

ಭುವನಾ ಚಿಲಕ ತೆಗೆದಳು. ಹೊರಗೆ ಜುಬೇರ್ ನಿಂತಿದ್ದ. ಅವನ ಎರಡೂ ಕೈಗಳ ಮೇಲೆ ಕಂಬಳಿಯಲ್ಲಿ ಸುತ್ತಿದ ಮಗಳಿದ್ದಳು. ಅದಕ್ಕೇ ಕಾಲಿನಿಂದ ಒದ್ದಿದ್ದ. ಹಿಂದೆ ಜೀಪಿನ ಇಂಜಿನ್ ಇನ್ನೂ ಗುರುಗುಡುತ್ತಿತ್ತು. ಅದರ ದೀಪದ ಬೆಳಕಿನಲ್ಲಿ ಅವನ ಹೆಂಡತಿ ಕುಲ್ಸುಮ್ ಬರಿಗಾಲಲ್ಲಿ ಓಡಿ ಬರುತ್ತಿದ್ದಳು.

“ಸಿಸ್ಟರ್, ಮತ್ತೆ ಬಂತು.”

ಅಷ್ಟೇ ಅಂದ. ಭುವನಾ ಕಂಬಳಿ ಸರಿಸಿದಳು. ಏಳು ವರ್ಷದ ಇಲ್ಮಾಳ ಮುಖ ಗುರುತು ಸಿಗದಂತೆ ಊದಿತ್ತು. ಕಣ್ಣುಗಳು ಎರಡು ಗೆರೆಗಳಾಗಿದ್ದವು. ಕತ್ತು, ಎದೆ, ಹೊಟ್ಟೆಯ ತುಂಬ ಕೆಂಪು ದದ್ದು. ಉಸಿರು ಎಳೆದಾಗೆಲ್ಲ ಎದೆಯೊಳಗಿಂದ ಸಣ್ಣ ಸೀಟಿಯ ಸದ್ದು. ಪ್ರಶ್ನೆ ಕೇಳುವ ಹೊತ್ತು ಅದಾಗಿರಲಿಲ್ಲ. ಭುವನಾ ಮಗುವಿನ ತೊಡೆಗೆ ಅಡ್ರಿನಲಿನ್ ಚುಚ್ಚಿದಳು, ಮೂಗಿಗೆ ಆಕ್ಸಿಜನ್ ಹಿಡಿದಳು, ಗೋಡೆಯ ಗಡಿಯಾರ ನೋಡಿದಳು. ಒಂಬತ್ತೂಕಾಲು.

ಪಕ್ಕದ ಮನೆಯಿಂದ ಡಾಕ್ಟರ್ ಮೇಘಶ್ರೀ ಬಂದಾಗ ಒಂಬತ್ತು ಇಪ್ಪತ್ತು. ಅವರು ಮಗುವಿನ ನಾಡಿ ಹಿಡಿದು ಕುಳಿತರು. ಕುಲ್ಸುಮ್ ಗೋಡೆಗೆ ಆತು ನಿಂತಿದ್ದಳು. ತುಟಿಗಳು ಮಾತ್ರ ಚಲಿಸುತ್ತಿದ್ದವು. ಎರಡು ನಿಮಿಷ, ಮೂರು, ನಾಲ್ಕು. ಸೀಟಿಯ ಸದ್ದು ತೆಳುವಾಯಿತು, ನಿಂತಿತು. ಇಲ್ಮಾ ಗೆರೆಗಣ್ಣು ಬಿಡಿಸಿ, “ಅಮ್ಮಾ, ಚಪ್ಪಲಿ ಹಾಕ್ಕೊಂಡಿಲ್ಲ ನೀನು,” ಎಂದಳು.

ಕುಲ್ಸುಮ್ ಅಲ್ಲೇ ನೆಲಕ್ಕೆ ಕುಸಿದು ಅತ್ತಳು.

ಬಾಳೂರಿನ ಆ ಸಣ್ಣ ಕಟ್ಟಡ ಮಕ್ಕಳ ಅಲರ್ಜಿಯ ಅಧ್ಯಯನ ಕೇಂದ್ರ. ಬಾಳೂರಿನಿಂದ ಕೊಟ್ಟಿಗೆಹಾರದವರೆಗಿನ ಮುನ್ನೂರ ನಲವತ್ತು ಮಕ್ಕಳಿಗೆ ಕೆಮ್ಮು, ಉಬ್ಬಸ, ದದ್ದು ಯಾವಾಗ ಬರುತ್ತದೆ, ಯಾವುದರಿಂದ ಬರುತ್ತದೆ ಎಂದು ಎರಡು ವರ್ಷಗಳಿಂದ ಅಲ್ಲಿ ಹುಡುಕಾಟ ನಡೆದಿತ್ತು. ಹುಡುಕುತ್ತಿದ್ದವರು ಡಾಕ್ಟರ್ ಮೇಘಶ್ರೀ. ಮನೆಮನೆಗೆ ಹೋಗಿ ಬರೆದು ತರುತ್ತಿದ್ದವಳು ನರ್ಸ್ ಭುವನಾ. ನವೆಂಬರಿನಿಂದ ಜನವರಿಯೊಳಗೆ ಇಲ್ಮಾಳಿಗೆ ಇದು ಮೂರನೆಯ ಸಲ. ಪ್ರತಿ ಸಲವೂ ಹಿಂದಿನದಕ್ಕಿಂತ ಜೋರು. ನಾಲ್ಕನೆಯದನ್ನು ಈ ಮಗು ತಡೆದೀತೇ ಎಂಬ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳಲಿಲ್ಲ.

“ಕೊನೇಗೆ ಏನು ತಿಂದಿದ್ದಳು?” ಎಂದು ಕೇಳಿದರು ಮೇಘಶ್ರೀ.

“ಎಳ್ಳುಂಡೆ,” ಎಂದಳು ಕುಲ್ಸುಮ್. “ಏಳು ಗಂಟೆಗೆ. ಸಾವಿತ್ರಮ್ಮೋರ ಮನೇಲಿ.”

ಸಾವಿತ್ರಮ್ಮ ಬೇಲಿಯಾಚೆಯ ಮನೆಯವರು. ಮೂರು ಎಕರೆ ಕಾಫಿಯ ಒಡತಿ. ಇಲ್ಮಾ ಅಂಬೆಗಾಲಿಕ್ಕಿದ್ದೇ ಅವರ ಜಗಲಿಯಲ್ಲಿ. ಹೋಂವರ್ಕ್ ಮುಗಿಸಿ ಸಂಜೆ ಆ ಮನೆಗೆ ಓಡುವುದು, ಅಜ್ಜಿ ಕೊಟ್ಟದ್ದನ್ನು ತಿಂದು ಕಥೆ ಕೇಳುವುದು ನಿತ್ಯದ ರೂಢಿ. ಮೊದಲ ಸಲ ದದ್ದು ಬಂದಾಗ ಅಲ್ಲಿ ಕೊಬ್ಬರಿ ಮಿಠಾಯಿ ತಿಂದಿದ್ದಳು. ಎರಡನೆಯ ಸಲ ಚಕ್ಕುಲಿ. ಈಗ ಎಳ್ಳುಂಡೆ.

“ಅಮ್ಮೋರು ಬೇಕಂತ ಕೊಟ್ರು ಅಂತ ನಾನು ಹೇಳ್ತಾ ಇಲ್ಲ ಡಾಕ್ಟ್ರೇ,” ಎಂದಳು ಕುಲ್ಸುಮ್. “ಆದ್ರೆ ಅವ್ರ ಮನೇದು ತಿಂದ ದಿನವೇ ಹಿಂಗಾಗೋದು. ಇನ್ನು ಅವಳನ್ನ ಬೇಲಿ ದಾಟಕ್ಕೆ ಬಿಡಲ್ಲ.”

“ತಿಂದೂ ಏನೂ ಆಗದ ದಿನ ಎಷ್ಟು?”

ಕುಲ್ಸುಮ್ ಮಗಳ ಕಂಬಳಿ ಸರಿಪಡಿಸಿದಳು. ಹೆದರಿದ ತಾಯಿಗೆ ಆ ಲೆಕ್ಕ ಬೇಕಿರಲಿಲ್ಲ.

ಸುದ್ದಿ ಬೆಳಗಾಗುವುದರೊಳಗೆ ಬೇಲಿ ದಾಟಿತ್ತು. ಹತ್ತು ಗಂಟೆಗೆ ಸಾವಿತ್ರಮ್ಮ ಸ್ಟೀಲ್ ಡಬ್ಬಿ ಹಿಡಿದು ಕೇಂದ್ರಕ್ಕೆ ಬಂದರು. ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದರು.

“ತಗೊಳ್ಳಿ ಮಾರಾಯ್ರೆ. ಎಳ್ಳು, ಬೆಲ್ಲ, ಕೊಬ್ಬರಿ, ಕಡ್ಲೆಬೀಜ. ನನ್ನ ಅಡುಗೆಮನೆನೇ ಬೇಕಾದ್ರೆ ಹೊತ್ಕೊಂಡು ಬರ್ತೀನಿ. ಇದರೊಳಗೆ ಯಾವ್ದು ಆ ಕೂಸಿನ ಉಸಿರು ಹಿಡಿದದ್ದು ಅಂತ ಹೇಳಿ.”

“ಒಂದು ವಾರ ಕಾಯ್ಬೇಕು ಅಮ್ಮ,” ಎಂದರು ಮೇಘಶ್ರೀ. “ಈಗ ಕೊಟ್ಟಿರೋ ಔಷಧಿ ಮೈಯಿಂದ ಇಳಿಯದೆ ಪರೀಕ್ಷೆ ಮಾಡಿದ್ರೆ ಅದು ಸುಳ್ಳು ಹೇಳುತ್ತೆ.”

“ವಾರ ಅಲ್ಲ, ವರ್ಷ ಕಾಯ್ತೀನಿ. ಆದ್ರೆ ಹೆಸರು ಬೇಕು ನಂಗೆ. ‘ಸಾವಿತ್ರಮ್ಮಂದು ಏನೂ ಇಲ್ಲವಂತೆ’ ಅಂದ್ರೆ ಸಾಲದು. ಇಂಥವನೇ ಅಂತ ಕಳ್ಳನ ಹೆಸರು ಹೇಳ್ಬೇಕು. ಅಲ್ಲಿವರೆಗೂ ನಾನು ಆ ಮನೆ ಮೆಟ್ಟಿಲು ಹತ್ತಲ್ಲ.”

ಅವರು ಹೋದ ಮೇಲೆ ಭುವನಾ ಡಬ್ಬಿ ತೆರೆದಳು. ಒಂದೊಂದು ಉಂಡೆಯನ್ನೂ ಬಿಳಿ ಕಾಗದದಲ್ಲಿ ಸುತ್ತಿಟ್ಟಿದ್ದರು, ಮಕ್ಕಳಿಗೆ ಕೊಡುವ ಹಾಗೆ.

ವಾರದ ನಂತರ ಇಲ್ಮಾಳ ಮುಂಗೈಯ ಮೇಲೆ ಎಳ್ಳು, ಕೊಬ್ಬರಿ, ಕಡಲೆಬೀಜ, ಹಾಲು, ಮೊಟ್ಟೆ, ಗೋಧಿ ಎಲ್ಲದರ ಹನಿ ಬಿತ್ತು, ಸೂಜಿಯ ಮೊನೆ ತಾಗಿತು. ಒಂದೇ ಒಂದು ಗುಳ್ಳೆಯೂ ಏಳಲಿಲ್ಲ. ಕುಲ್ಸುಮ್ ಒಪ್ಪಲಿಲ್ಲ.

“ಚರ್ಮಕ್ಕೆ ಚುಚ್ಚಿದ್ದು ಬೇರೆ, ಹೊಟ್ಟೆಗೆ ಹೋದದ್ದು ಬೇರೆ ಡಾಕ್ಟ್ರೇ.”

ಮನೆಗೆ ಹೋಗಿ ಅವಳು ಹಾಲು ನಿಲ್ಲಿಸಿದಳು, ಮೊಟ್ಟೆ ನಿಲ್ಲಿಸಿದಳು, ಮೀನು ನಿಲ್ಲಿಸಿದಳು. ಎರಡು ವಾರದಲ್ಲಿ ಇಲ್ಮಾ ಎರಡು ಕೆ.ಜಿ. ಇಳಿದಳು, ಶಾಲೆಯ ಲಂಗ ಸೊಂಟದಲ್ಲಿ ನಿಲ್ಲದೆ ಪಿನ್ನು ಹಾಕಬೇಕಾಯಿತು. ಸಂಜೆಯಾದರೆ ಬೇಲಿಯ ಈಚೆ ನಿಂತು ಆಚೆ ನೋಡುತ್ತಿದ್ದಳು. ಆಚೆಯ ಜಗಲಿಯಲ್ಲಿ ಸಾವಿತ್ರಮ್ಮ ಮುಖ ತಿರುಗಿಸಿ ಕುಳಿತಿರುತ್ತಿದ್ದರು.

ಹದಿನೈದನೆಯ ದಿನ ರಾತ್ರಿ ಎಂಟೂವರೆಗೆ ಜೀಪು ಮತ್ತೆ ಕೇಂದ್ರದ ಮುಂದೆ ನಿಂತಿತು.

ಈ ಸಲ ಒಂದು ಚುಚ್ಚುಮದ್ದು ಸಾಲಲಿಲ್ಲ, ಎರಡು ಬೇಕಾಯಿತು. ಉಸಿರು ಹದಕ್ಕೆ ಬಂದ ಮೇಲೆ ಕುಲ್ಸುಮ್ ಮಗಳ ಗಲ್ಲ ಹಿಡಿದು, “ನಿಜ ಹೇಳು, ಅಜ್ಜಿ ಕದ್ದು ಏನಾದ್ರೂ ಕೊಟ್ರಾ?” ಎಂದಳು.

“ಇಲ್ಲಮ್ಮ. ಅಜ್ಜಿ ನನ್ನ ಹತ್ರ ಮಾತೇ ಬಿಟ್ಟಿದಾರೆ,” ಎಂದಿತು ಮಗು.

ಆ ರಾತ್ರಿ ಮೇಘಶ್ರೀ ಮಲಗಲಿಲ್ಲ. ಇಲ್ಮಾಳ ಊಟದ ಪುಸ್ತಕ ತರಿಸಿಕೊಂಡರು. ಅಧ್ಯಯನದ ಪ್ರತಿ ಮಗುವಿಗೂ ಅಂಥದೊಂದು ಪುಸ್ತಕವಿತ್ತು. ದೂರದ ನಗರದಲ್ಲಿ ಅಚ್ಚಾದ ಅದರಲ್ಲಿ ಕಾಯಿಲೆ ಬಂದ ದಿನಕ್ಕೆ ಒಂದೇ ಕಾಲಂ: ‘ಹಿಂದಿನ ಎರಡು ಗಂಟೆಗಳಲ್ಲಿ ತಿಂದದ್ದು’. ಎಳ್ಳುಂಡೆ, ಚಕ್ಕುಲಿ, ಮಿಠಾಯಿ ಅಲ್ಲಿದ್ದವು. ನಾಲ್ಕನೆಯ ಸಲದ ಮುಂದೆ ಬರೀ ಗಂಜಿ. ಅವರು ಪುಸ್ತಕ ಮುಚ್ಚಲು ಹೋದವರು ತಡೆದರು. ಪುಟವನ್ನು ದೀಪಕ್ಕೆ ಹಿಡಿದು ಅಡ್ಡಲಾಗಿ ತಿರುಗಿಸಿದರು.

“ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಬರೆದದ್ದು ಯಾರು?”

ಭುವನಾ ಹತ್ತಿರ ಬಂದು ಬಗ್ಗಿ ನೋಡಿದಳು. “ನಾನೇ ಮೇಡಂ. ಇಲ್ಲಿನ ಹೆಂಗಸರಿಗೆ ಎರಡು ಗಂಟೆ ಅಂತ ತುಂಡು ಮಾಡಿ ಹೇಳಕ್ಕೆ ಬರಲ್ಲ. ಏನು ತಿಂದ್ಲು ಅಂದ್ರೆ ಬೆಳಿಗ್ಗೆ ರೊಟ್ಟಿಯಿಂದ ಶುರು ಮಾಡ್ತಾರೆ. ಅರ್ಧಕ್ಕೆ ತಡೆದ್ರೆ ಬೇಜಾರು ಮಾಡ್ಕೋತಾರೆ. ಹೇಳಿದ್ದನ್ನೆಲ್ಲ ಬರ್ಕೊಂಡೆ.”

“ತೋರಿಸಲಿಲ್ಲ ಯಾಕೆ?”

“ಫಾರಂನಲ್ಲಿ ಜಾಗ ಇರ್ಲಿಲ್ಲ.”

ಮೇಘಶ್ರೀ ಗದರಲಿಲ್ಲ. ಕುರ್ಚಿ ಎಳೆದು, “ಕೂತ್ಕೋ. ಓದು,” ಎಂದರು.

ಭುವನಾ ಓದಿದಳು. ಮೊದಲ ಸಲ: ಶುಕ್ರವಾರ, ಮಧ್ಯಾಹ್ನ ಎರಡೂವರೆಗೆ ಮಟನ್ ಸಾರು, ಅನ್ನ. ಎರಡನೆಯದು: ಬುಧವಾರ, ನೆಂಟರ ಮದುವೆಯಲ್ಲಿ ಮಧ್ಯಾಹ್ನ ಮಟನ್ ಬಿರಿಯಾನಿ. ಮೂರನೆಯದು: ಶುಕ್ರವಾರ, ಮಧ್ಯಾಹ್ನ ಮತ್ತೆ ಮಟನ್. ಇಂದು: ಮಗು ಸೊರಗಿದೆಯೆಂದು ಕೊಟ್ಟಿಗೆಹಾರದಿಂದ ಅವಳ ಅಮ್ಮನ ತಾಯಿ ಕಳಿಸಿದ ಕುರಿಕಾಲಿನ ಸೂಪು. ಎರಡು ಲೋಟ. ಮಧ್ಯಾಹ್ನ ಎರಡಕ್ಕೆ.

ಮೇಘಶ್ರೀ ನಾಲ್ಕೂ ಮಧ್ಯಾಹ್ನಗಳ ಕೆಳಗೆ ಗೆರೆ ಎಳೆದರು. ಎಲ್ಲರೂ ರಾತ್ರಿಯ ತಟ್ಟೆಯನ್ನು ಜಾಲಾಡುತ್ತಿದ್ದಾಗ ಅಪರಾಧ ನಡೆದದ್ದು ಮಧ್ಯಾಹ್ನದ ತಟ್ಟೆಯಲ್ಲಿ! ಬಲ ಬರಲೆಂದು ಬಿಸಿಬಿಸಿಯಾಗಿ ಕುಡಿಸಿದ್ದೇ ಮಗುವಿನ ಕುತ್ತಿಗೆ ಹಿಡಿದಿತ್ತು.

“ಕುಲ್ಸುಮ್‌ಗೆ ಈಗಲೇ ಹೇಳೋಣ್ವಾ ಮೇಡಂ?”

“ಇವತ್ತಿಂದ ಮಟನ್, ಸೂಪು ಬೇಡ ಅಂತಷ್ಟೇ ಹೇಳು. ಇನ್ನೂ ಇದು ನನ್ನ ಅನುಮಾನ. ಒಬ್ಬ ಹೆಂಗಸಿನ ಮೇಲೆ ಅನುಮಾನ ಹೊರಿಸಿ ಆಗಿದೆ; ಮಟನ್ ಮೇಲೂ ಹಾಗೇ ಹೊರಿಸಬಾರದು. ಸಾಕ್ಷಿ ಮಗುವಿನ ಮೈಯೇ ಹೇಳಬೇಕು.”

ಮೂರು ವಾರಗಳ ನಂತರ ಚಿಕ್ಕಮಗಳೂರಿನ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿನಲ್ಲಿ ಆ ಸಾಕ್ಷ್ಯಕ್ಕೆ ಸಿದ್ಧತೆ ನಡೆಯಿತು. ಅಪಾಯವೇನೆಂದು ಮೇಘಶ್ರೀ ತಂದೆತಾಯಿಗೆ ಎರಡು ಸಲ ವಿವರಿಸಿದರು. ಎರಡನೆಯ ಸಲ ಜುಬೇರನೇ ಅದನ್ನು ತಿರುಗಿ ಹೇಳಿ ಒಪ್ಪಿಸಿದ ಮೇಲೆ ಸಹಿ ತೆಗೆದುಕೊಂಡರು. ಇಲ್ಮಾಳ ಕೈಗೆ ಸೂಜಿ ಹಾಕಿ ಪಟ್ಟಿ ಸುತ್ತಿದ್ದರು. ಬಾಗಿಲಾಚೆ ತೀವ್ರ ನಿಗಾ ಘಟಕ. ಹನ್ನೊಂದೂವರೆಗೆ ಸಣ್ಣ ತಟ್ಟೆಯಲ್ಲಿ ಮಟನ್ನಿನ ಮೂರು ತುಂಡು ಬಂದವು.

“ಇಷ್ಟೇನಾ?” ಎಂದಳು ಇಲ್ಮಾ.

ಒಂದು ಗಂಟೆ ಕಳೆಯಿತು. ಎರಡು. ಮೈಯ ಮೇಲೆ ಒಂದು ಚುಕ್ಕೆಯೂ ಇಲ್ಲ. ಮೂರು ಗಂಟೆ ಕಳೆದಾಗ ಜುಬೇರ್ ಎದ್ದು ನಿಂತ.

“ಮಟನ್ ನಿರಪರಾಧಿ ಮೇಡಂ. ಹೊರಡೋಣ್ವಾ? ನನ್ನ ಗ್ಯಾರೇಜಲ್ಲಿ ಎರಡು ಜೀಪು ಹೊಟ್ಟೆ ಬಿಚ್ಕೊಂಡು ಬಿದ್ದಿದಾವೆ.”

“ಅವಕ್ಕೆ ಉಸಿರಾಟದ ತೊಂದರೆ ಇಲ್ವಲ್ಲ. ಕಾಯ್ತಾವೆ, ಕೂತ್ಕೊಳ್ಳಿ.”

ಮೇಘಶ್ರೀ ಬೆಳಗಿನಿಂದ ಆ ಸ್ಟೂಲು ಬಿಟ್ಟು ಎದ್ದಿರಲಿಲ್ಲ. ಊಟ ಮಾಡಿರಲಿಲ್ಲ, ಹತ್ತು ನಿಮಿಷಕ್ಕೊಮ್ಮೆ ಮಗುವಿನ ಅಂಗೈ, ಬೆನ್ನು, ನಾಲಗೆ ನೋಡಿ ಬರೆಯುತ್ತಿದ್ದರು. ದೊಡ್ಡ ಊರಿನ ದೊಡ್ಡ ಸಂಬಳ ಬಿಟ್ಟು ಇವರು ಇಲ್ಲೇಕೆ ಬಂದರೆಂದು ಭುವನಾ ಹಿಂದೆ ಎಷ್ಟೋ ಸಲ ಯೋಚಿಸಿದ್ದಳು. ಈಗ ಆ ಪ್ರಶ್ನೆಯೇ ಸಣ್ಣದೆನಿಸಿತು. ಬೇರೆ ಯಾರಾದರೂ ಆಗಿದ್ದರೆ ಎರಡನೆಯ ಗಂಟೆಗೇ ಫೈಲು ಮುಚ್ಚುತ್ತಿದ್ದರು.

“ಆಂಟಿ, ನೀವು ಹಿಂಗೆ ನನ್ನನ್ನೇ ನೋಡ್ತಾ ಇದ್ರೆ ನಂಗೆ ನಗು ಬರುತ್ತೆ,” ಎಂದಳು ಇಲ್ಮಾ.

“ನಗು. ಅದನ್ನೂ ಬರ್ಕೋತೀನಿ.”

ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಚಿತ್ರಕ್ಕೆ ಬಣ್ಣ ತುಂಬುತ್ತಿದ್ದ ಇಲ್ಮಾ ಪೆನ್ಸಿಲ್ ಇಟ್ಟಳು. ಎಡ ಅಂಗೈಯನ್ನು ಹಾಸಿಗೆಯ ಅಂಚಿಗೆ ಉಜ್ಜಿದಳು. ಮತ್ತೊಮ್ಮೆ ಉಜ್ಜಿದಳು.

“ಮೇಡಂ!” ಎಂದಳು ಭುವನಾ.

ಅಷ್ಟರಲ್ಲಿ ಕತ್ತಿನ ಮೇಲೆ ಮೊದಲ ದದ್ದು ಎದ್ದಿತ್ತು. ನೋಡನೋಡುತ್ತ ಅದು ಹತ್ತಾಯಿತು, ಇಪ್ಪತ್ತಾಯಿತು. ಮಗು ಒಮ್ಮೆ ಕೆಮ್ಮಿತು. ಎರಡನೆಯ ಕೆಮ್ಮಿಗೆ ಮುಂಚೆ ಮೇಘಶ್ರೀಯವರ ಕೈಯಲ್ಲಿದ್ದ ಮದ್ದು ತೊಡೆಯೊಳಗಿತ್ತು. ಮುಖ ಊದಲಿಲ್ಲ, ಸೀಟಿ ಕೇಳಿಸಲಿಲ್ಲ. ಕಾಲು ಗಂಟೆಯಲ್ಲಿ ದದ್ದು ಮಾಯವಾಯಿತು. ತಿಂದ ಹೊತ್ತಿಗೂ ತುರಿಕೆಗೂ ನಡುವೆ ನಾಲ್ಕು ಗಂಟೆ ಐವತ್ತು ನಿಮಿಷ.

ಕುಲ್ಸುಮ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. “ನಾನೇ... ನನ್ನ ಕೈಯಾರೆ ಸೂಪು ಕುಡಿಸಿದೆ. ಸಾವಿತ್ರಮ್ಮೋರನ್ನ ಅಂದೆ.”

“ಮಗು ಚೇತರಿಸ್ಲಿ ಅಂತ ಕುಡಿಸಿದ್ರಿ. ಯಾವ ತಾಯಿ ಆದ್ರೂ ಅದನ್ನೇ ಮಾಡ್ತಾಳೆ,” ಎಂದರು ಮೇಘಶ್ರೀ. “ಆದ್ರೆ ಕೇಸು ಮುಗೀಲಿಲ್ಲ. ಹಲ್ಲು ಬಂದಾಗಿಂದ ತಿಂತಿದ್ದ ಮಟನ್ ಹೋದ ನವೆಂಬರಿಂದ ಯಾಕೆ ವಿಷ ಆಯ್ತು? ಇದರ ಹಿಂದೆ ಇನ್ನೊಬ್ಬ ಇದ್ದಾನೆ.”

ಅವರು ಟಾರ್ಚು ತರಿಸಿದರು. ಮಗುವಿನ ಕೂದಲು ಬಿಡಿಸಿದರು, ಕಿವಿಯ ಹಿಂದೆ, ಸೊಂಟದ ದಾರದ ಕೆಳಗೆ, ಮೊಣಕಾಲ ಸಂದಿಯಲ್ಲಿ ಹುಡುಕಿದರು. ಸಾಸಿವೆ ಗಾತ್ರದ, ಏನೋ ಕಚ್ಚಿದ ಗಟ್ಟಿ ಗುರುತುಗಳು, ಒಟ್ಟು ಏಳು. ಎಲ್ಲವೂ ಹಳೆಯವು.

“ಬೇಸಿಗೆಯಲ್ಲಿ ಎಲ್ಲಿ ಆಡ್ತಾಳೆ?”

“ಕೊಟ್ಟಿಗೆ ಹಿಂದೆ,” ಎಂದಳು ಕುಲ್ಸುಮ್. “ದನಕ್ಕೆ ಹಾಸಕ್ಕೆ ಕಾಡಿಂದ ಒಣ ಎಲೆ ತಂದು ರಾಶಿ ಹಾಕಿರ್ತೀವಲ್ಲ, ಅದರ ಮೇಲೆ ಹಾರೋದೇ ಆಟ.”

ಮೇಘಶ್ರೀ ತಲೆಯಾಡಿಸಿದರು, ಹೆಸರು ಹೇಳಲಿಲ್ಲ. ರಕ್ತದ ಸಣ್ಣ ಸೀಸೆ ದೂರದ ಪ್ರಯೋಗಾಲಯಕ್ಕೆ ಹೋಯಿತು.

ಉತ್ತರ ಬರಲು ಹದಿನೆಂಟು ದಿನ ಹಿಡಿಯಿತು. ಆ ಹಾಳೆಯನ್ನು ಎರಡು ಸಲ ಓದಿ ಮೇಘಶ್ರೀ ಮೊದಲು ಹೇಳಿದ್ದು ಭುವನಾಳಿಗೆ. ಎಲೆರಾಶಿಯಲ್ಲಿ ಅಡಗಿದ್ದವನು ಮಗುವಿನ ರಕ್ತ ಹೀರುವಾಗ ತನ್ನ ಎಂಜಲನ್ನು ಬಿಟ್ಟು ಹೋಗಿದ್ದ. ಅದರಲ್ಲೊಂದು ಬಗೆಯ ಸಕ್ಕರೆ. ಕುರಿ ಮಾಂಸದಲ್ಲಿರುವುದೂ ಅದೇ. ಮೈ ಅದನ್ನು ಶತ್ರುವೆಂದು ಗುರುತಿಟ್ಟುಕೊಂಡಿತು. ಮಾಂಸದ ಕೊಬ್ಬಿನೊಡನೆ ಅದು ನಿಧಾನವಾಗಿ ರಕ್ತ ಸೇರುತ್ತದೆ. ಅದಕ್ಕೇ ಮಧ್ಯಾಹ್ನದ ಊಟಕ್ಕೆ ರಾತ್ರಿಯ ದಾಳಿ. ಇನ್ನು ಕಡಿತ ತಪ್ಪಿಸಿ, ಕುರಿ, ಆಡಿನಂಥ ನಾಲ್ಕು ಕಾಲಿನ ಪ್ರಾಣಿಗಳ ಮಾಂಸ ಬಿಟ್ಟರೆ ಸಾಕು. ಹಾಲು, ಮೊಟ್ಟೆ, ಮೀನು, ಎಳ್ಳುಂಡೆ ಎಲ್ಲವೂ ಇಲ್ಮಾಳಿಗೆ ಮರಳಿದವು. ಕಾರಣ ತಿಳಿಯದೆ ರಾತ್ರಿ ದದ್ದು ಏಳುತ್ತಿದ್ದ ಇನ್ನಿಬ್ಬರು ಮಕ್ಕಳ ಪುಸ್ತಕಗಳನ್ನೂ ಮೇಘಶ್ರೀ ಅಂದೇ ತೆರೆದರು. ಹೊಸದಾಗಿ ಅಚ್ಚಾಗುವ ಪುಸ್ತಕದಲ್ಲಿ ಕಾಲಂ ಬದಲಾಯಿತು: ‘ಬೆಳಗಿನಿಂದ ತಿಂದದ್ದೆಲ್ಲ’.

“ಪತ್ತೆ ಮಾಡಿದ್ದು ನಿನ್ನ ಪೆನ್ಸಿಲ್ಲು,” ಎಂದರು. “ಹೆಸರು ನೀನೇ ಹೋಗಿ ಹೇಳು.”

ಕುಲ್ಸುಮ್ ತಾನೂ ಬರುತ್ತೇನೆಂದು ಹಟ ಹಿಡಿದಳು. ಸಾವಿತ್ರಮ್ಮ ಕಣದಲ್ಲಿ ಒಣಗಿದ ಕಾಫಿ ಹಣ್ಣು ಹರಡುತ್ತಿದ್ದರು. ಇವರನ್ನು ಕಂಡರೂ ಕೈ ನಿಲ್ಲಿಸಲಿಲ್ಲ. ಇಲ್ಮಾ ಬೇಲಿಯ ಹತ್ತಿರವೇ ನಿಂತಳು, ಒಳಗೆ ಬರಲೋ ಬೇಡವೋ ಎಂದು.

“ಅಮ್ಮೋರೆ,” ಎಂದಳು ಕುಲ್ಸುಮ್. “ತಪ್ಪಾಯ್ತು. ದೊಡ್ಡ ತಪ್ಪಾಯ್ತು.”

“ತಪ್ಪಿನ ಮಾತು ಆಮೇಲೆ ಕುಲ್ಸು. ಮೊದ್ಲು ಹೆಸರು.” ಸಾವಿತ್ರಮ್ಮ ಸೊಂಟ ನೆಟ್ಟಗೆ ಮಾಡಿ ಭುವನಾಳ ಕಡೆ ತಿರುಗಿದರು. “ಹೇಳು ಮಾರಾಯ್ತಿ. ನನ್ನ ಕೂಸನ್ನ ಇಷ್ಟು ದಿನ ನನ್ನಿಂದ ದೂರ ಮಾಡಿದವನು ಯಾರು?”

“ದನಕ್ಕೆ ಕಚ್ಚೋ ಉಣುಗು,” ಎಂದಳು ಭುವನಾ.