ಕಾಲುವೆಯ ಕಡೆಯ ಊರಿಗೆ ಮೊದಲ ಪಾಳಿ

ಶಹಾಪುರ ತಾಲೂಕಿನಲ್ಲಿ ಒಂದೇ ಕಾಲುವೆಯ ಮೇಲೆ ಎರಡು ಹಳ್ಳಿಗಳಿವೆ. ನೀರು ಮೊದಲು ಮೇಲಿನೂರಿಗೆ ಬರುತ್ತದೆ, ಉಳಿದರೆ ಕೆಳಗಿನೂರಿಗೆ. ಮೇಲಿನೂರಿನಲ್ಲಿ ವರ್ಷಕ್ಕೆ ಎರಡು ಬೆಳೆ ಭತ್ತ, ಬಸ್ಸು, ದವಾಖಾನೆ. ಕೆಳಗಿನೂರಿನ ಜನ ದೀಪಾವಳಿ ಮುಗಿಯುತ್ತಲೇ ಹೈದರಾಬಾದಿಗೆ ಕಟ್ಟಡ ಕೆಲಸಕ್ಕೆ ಹೊರಡುತ್ತಾರೆ.

ದುರ್ಗಾದೇವಿ ಕೆಳಗಿನೂರ ಮಗಳು, ಮೇಲಿನೂರ ಸೊಸೆ. ಎರಡು ವರ್ಷದಿಂದ ಅವಳು ತವರು ಕಂಡಿರಲಿಲ್ಲ. ಪಂಚಾಯ್ತಿ ಚುನಾವಣೆಯಲ್ಲಿ ಎರಡೂ ಊರು ಎದುರುಬದುರು ಗುಂಪು ಕಟ್ಟಿದ್ದವು. ಅದೇ ಬಿಸಿಯಲ್ಲಿ ಅವಳ ತಮ್ಮ ದೇವಿಂದ್ರ, ಕೆಳಗೂ ನೀರು ಹರಿಯಲಿ, ನಿಮ್ಮ ಹೊಲದ ತೂಬು ಸ್ವಲ್ಪ ದಿನ ಮುಚ್ಚಿರೆಂದು ಕೇಳಲು ಬಂದ. ಮಾವ ಅಮಾತೆಪ್ಪ ಅವನನ್ನು ಎಲ್ಲರೆದುರು ಬೈದು ಕಳಿಸಿದರು. ಅಂದಿನಿಂದ ಹೋಗಿಬರುವುದು ನಿಂತಿತು.

ಈಗ ದೇವಿಂದ್ರನಿಗೆ ಹೆಣ್ಣು ಕೂಸು ಹುಟ್ಟಿತ್ತು. ಕಿವಿಯಲ್ಲಿ ಹೆಸರು ಕರೆಯಬೇಕಾದವಳು ಸೋದರತ್ತೆ. ದುರ್ಗಾದೇವಿ ಜಗಳ ತೆಗೆಯಲಿಲ್ಲ. ರೊಟ್ಟಿ ಬಡಿಸುತ್ತ ಹೇಳಿದಳು: "ಮಾವ, ನಾ ಹೋಗದಿದ್ರ ಕೂಸಿಗೆ ಹೆಸರು ಯಾರು ಕರೀತಾರ್ರಿ? ನೀವೂ ಬರ್ರಿ."

ಅಮಾತೆಪ್ಪ ಊಟ ಮುಗಿಸಿ ಕೈ ತೊಳೆದರು. ಆಮೇಲೆ ಸೊಸೆಯ ಜೊತೆ ಹೊರಡಲು ರುಮಾಲು ಸುತ್ತಿಕೊಂಡರು.

ಟಂಟಂ ಗಾಡಿ ಕಾಲುವೆಯ ದಂಡೆ ಹಿಡಿದು ಸಾಗಿದಂತೆ ನೀರು ತೆಳುವಾಗುತ್ತ ಬಂತು. ಕೆಳಗಿನೂರ ಹತ್ತಿರ ಕಾಲುವೆಯೊಳಗೇ ಜಾಲಿ ಬೆಳೆದಿತ್ತು. ಅದರ ನೆರಳಿಗೆ ಯಾರೋ ಆಡು ಕಟ್ಟಿದ್ದರು. ಅಮಾತೆಪ್ಪ ಕತ್ತು ಹೊರಳಿಸಿ ನೋಡುತ್ತಲೇ ಇದ್ದರು.

ದೇವಿಂದ್ರನ ಮನೆಯಲ್ಲಿ ತೊಟ್ಟಿಲ ಪಕ್ಕ ಗಂಟುಮೂಟೆ ಕಟ್ಟಿಟ್ಟಿತ್ತು. ಬಾಣಂತಿಯನ್ನೂ ಕೂಸನ್ನೂ ಕರೆದುಕೊಂಡು ದೇವಿಂದ್ರ ಬರುವ ಸೋಮವಾರ ಹೈದರಾಬಾದಿಗೆ ಹೊರಡುವವನಿದ್ದ. ದುರ್ಗಾದೇವಿ ಕೂಸಿನ ಕಿವಿಯಲ್ಲಿ ಹೆಸರು ಕರೆದಳು. ಕೂಸನ್ನು ಮಾವನ ತೊಡೆಯ ಮೇಲೆ ಇಟ್ಟಳು.

"ಇಷ್ಟ್ ಸಣ್ಣ ಕೂಸು, ಅಲ್ಲಿ ಎಲ್ಲಿ ಮಲಗಸ್ತೀಯೋ?" ಅಮಾತೆಪ್ಪ ಮೆಲ್ಲಗೆ ಕೇಳಿದರು.

"ಕಟ್ಟಡದಾಗ ಸೀರಿ ಜೋಲಿ ಕಟ್ತೀವ್ರಿ ಮಾವ," ಅಂದ ದೇವಿಂದ್ರ.

ತೊಟ್ಟಿಲ ಕಾರ್ಯಕ್ಕೆ ಬಂದವರಲ್ಲಿ ಅರ್ಜುಮಂದಳೂ ಇದ್ದಳು. ಎರಡೂ ಊರ ರೈತರು ಸೇರಿದ ನೀರು ಬಳಕೆದಾರರ ಸಂಘಕ್ಕೆ ಅವಳೇ ಕಾರ್ಯದರ್ಶಿ. ಈ ಊರಿನವರು ಮೈಗಳ್ಳರು, ಅದಕ್ಕೇ ಹಿಂದೆ ಬಿದ್ದರೆಂದು ತಿಳಿದಿದ್ದೆ ಎಂದು ಅಮಾತೆಪ್ಪ ಅವಳೆದುರು ಒಪ್ಪಿಕೊಂಡರು.

"ದುಡಿಮಿ ಎರಡೂ ಕಡಿ ಒಂದ ಐತ್ರಿ ಕಾಕಾ," ಅಂದಳು ಅರ್ಜುಮಂದ. "ನಿಮ್ಮ ಹೊಲ ಕೆನಾಲದ ಬಾಯಾಗ ಐತಿ, ಇವ್ರದು ಬಾಲದಾಗ. ನೀರು ಬಂದಲ್ಲಿ ರೊಕ್ಕ ಬಂತು. ರೊಕ್ಕ ಬಂದಲ್ಲಿ ಬಸ್ಸು ಬಂತು, ದವಾಖಾನಿ ಬಂತು. ಸಿಗದೋರಿಗೆ ಸಿಟ್ಟು ಬಂತು. ಆ ಸಿಟ್ಟಿನ್ಯಾಗ ಓಟು ಕೇಳೋರು ಬಂದ್ರು. ನೀರಿನ ಮಾತು ಮಾತ್ರ ಯಾರೂ ಆಡ್ಲಿಲ್ಲ."

ದಾರಿಯಿದೆ, ನೀರನ್ನು ಪಾಳಿಯಂತೆ ಹಂಚಿಕೊಳ್ಳಬೇಕು ಎಂದು ಅವಳು ವಿವರಿಸಿದಳು. ವಾರದ ಮೊದಲ ಮೂರು ದಿನ ನೀರು ಕಡೆಯ ಹೊಲಗಳಿಗೆ, ಉಳಿದ ನಾಲ್ಕು ದಿನ ಮೇಲಿನವರಿಗೆ. ನಾಲ್ಕು ದಿನದ ನೀರು ಭತ್ತಕ್ಕೆ ಸಾಲದು. ಶೇಂಗಾ, ಜೋಳಕ್ಕೆ ಸಾಕು. ಆದರೆ ಮೇಲಿನೂರವರು ಸಂಘದ ಸಭೆಗೇ ಬರುವುದಿಲ್ಲ.

ತಾನೊಬ್ಬ ಭತ್ತ ಬಿಟ್ಟರೆ ಏನಾದೀತು ಎಂದು ಅಮಾತೆಪ್ಪ ಅನುಮಾನಪಟ್ಟರು.

"ನಿಮ್ಮ ತೂಬು ಎಲ್ಲಾರಿಗಿಂತ ಮ್ಯಾಲೈತ್ರಿ ಮಾವ," ಅಂದಳು ದುರ್ಗಾದೇವಿ. "ನೀವು ಮುಚ್ಚಿದ್ರ ಮುಂದಿನವ್ರು ನೋಡ್ತಾರ."

ಸಂಘದ ಶುಕ್ರವಾರದ ಸಭೆಗೆ ಮಾವ ಸೊಸೆ ಇಬ್ಬರೂ ಮೇಲಿನೂರವರನ್ನು ಕರೆದುಕೊಂಡು ಹೋದರು. ಪಾಳಿಯ ಪರ ನಿಂತಿದ್ದಕ್ಕೆ ನಾಲ್ಕು ಮಂದಿ ಅಮಾತೆಪ್ಪನನ್ನು ಬೈದರು, ಇಬ್ಬರು ಎದ್ದು ನಡೆದರು. ಅಮಾತೆಪ್ಪ ತಮ್ಮ ಮೂರು ಎಕರೆಗೆ ಈ ಸಲ ಶೇಂಗಾ ಹಾಕುತ್ತೇನೆಂದು ಎದ್ದು ನಿಂತು ಹೇಳಿದರು. ಕೊನೆಗೆ ಮೇಲಿನೂರಿನ ಒಂಬತ್ತು ಮಂದಿ ಪಾಳಿಗೆ ಸಹಿ ಮಾಡಿದರು. ದೇವಿಂದ್ರ ಪ್ರಯಾಣವನ್ನು ಒಂದು ವಾರ ಮುಂದೂಡಿದ.

ಬುಧವಾರ ಮುಂಜಾನೆ ಅವನ ಹೊಲದ ಬದುವಿಗೆ ನೀರು ಬಂತು, ಹಿಮ್ಮಡಿ ಮುಳುಗುವಷ್ಟು. ಅವನು ಗುದ್ದಲಿ ಹಿಡಿದು ಓಡಿದ. ಊರಿನ ಎಲ್ಲ ಹೊಲಗಳಿಗೆ ಅದು ಸಾಲಲಿಲ್ಲ. ಆದರೂ ಆ ಹಂಗಾಮಿನಲ್ಲಿ ದೇವಿಂದ್ರನ ಮನೆಯೂ ಸೇರಿ ಹನ್ನೊಂದು ಮನೆಯವರು ಹೈದರಾಬಾದಿಗೆ ಹೋಗದೆ ಊರಲ್ಲೇ ಉಳಿದರು.

ರೈತ ಬಂಧುಗಳೇ, ಅಕ್ಕತಂಗಿಯರೇ, ನಿಮ್ಮ ಕಾಲುವೆಯ ಸಂಘಕ್ಕೆ ಸದಸ್ಯರಾಗಿ, ಸಭೆಗೆ ಬನ್ನಿ. ಓಟು ಕೇಳಲು ಬಂದವರು ಪಕ್ಕದೂರಿನ ಮೇಲೆ ಸಿಟ್ಟು ಹಚ್ಚಿದರೆ, ನೀರು, ರಸ್ತೆ, ದವಾಖಾನೆ ಯಾವ ಊರಿಗೆ ಎಷ್ಟು ಬಂತೆಂದು ಕೇಳಿ. ಒಮ್ಮೆ ಕಾಲುವೆಯ ಕಡೆಯ ತನಕ ನಡೆದು ನೋಡಿ. ಅಲ್ಲಿ ನಿಮ್ಮ ಬೀಗರ ಮನೆಯಿದೆ.