ಹನ್ನೊಂದು ಗಂಟೆಯ ಕರೆ

"ಈ ನಲವತ್ತೊಂದು ಜನ ಎಲ್ಲಿ ಹೋದ್ರಮ್ಮ?"

ದೊಡ್ಡ ಮೇಡಂ ಪಟ್ಟಿಯ ಮೇಲೆ ಬೆರಳಿಟ್ಟು ಕೇಳಿದರು. ಎದುರಿಗೆ ನಿಂತಿದ್ದ ಹುಡುಗಿ ಕ್ಯಾನ್ಸರ್ ಆಸ್ಪತ್ರೆಯ ಸಂಶೋಧನಾ ವಿಭಾಗ ಸೇರಿ ವರ್ಷವಾಗಿತ್ತಷ್ಟೆ. ಬಡವರ ಬೀದಿಗಳ ಹೆಂಗಸರೇ ಯಾಕೆ ಕಾಯಿಲೆ ಕೈಮೀರಿದ ಮೇಲೆ ಬರುತ್ತಾರೆ ಎನ್ನುವುದು ಅವಳ ಅಧ್ಯಯನ; ಕೆಲಸ ಕಲಿಸುವವರು ಮೇಡಂ. ಎದೆಯ ಗಂಟಿನ ಉಚಿತ ತಪಾಸಣೆಯಲ್ಲಿ ಅನುಮಾನ ಕಂಡವರನ್ನು ಮತ್ತೆ ಕರೆಸುವ ಹೊಣೆ ಅವಳದು. ಗುಟ್ಟು ಕಾಯಬೇಕೆಂದು ಪಟ್ಟಿಯಲ್ಲಿ ಯಾರ ಹೆಸರೂ ಇರಲಿಲ್ಲ. ಒಂದು ಸಂಖ್ಯೆ, ಒಂದು ಫೋನ್ ನಂಬರು, ಅಷ್ಟೆ.

"ಮೂರು ಮೂರು ದಿನ ಫೋನ್ ಮಾಡ್ದೆ ಮೇಡಂ, ಎತ್ಲಿಲ್ಲ. ಅದಕ್ಕೇ 'ಆಸಕ್ತಿ ಇಲ್ಲ' ಅಂತ ಬರೆದೆ. ಕೈಪಿಡೀಲಿ ಹಾಗೇ ಇದೆಯಲ್ಲ."

"ಎಷ್ಟು ಹೊತ್ತಿಗೆ ಮಾಡ್ದೆ?"

"ಹನ್ನೊಂದಕ್ಕೆ. ನಮ್ಮ ಲೈನು ಬಿಡುವಾಗೋದು ಆಗಲೇ."

"ಮೂರು ದಿನಾನೂ?"

ಅವಳು ತಲೆಯಾಡಿಸಿದಳು. ಎಂಟು ತಿಂಗಳ ಹಿಂದಿನ ಮಾತು ಅದು. ಮೇಡಂ ಬೈಯಲಿಲ್ಲ. ಕನ್ನಡಕ ತೆಗೆದು ಒರೆಸುತ್ತ ಕೂತರು.

"ಆ ಕೈಪಿಡಿ ಬರೆದವಳು ನಾನೇ ಕಣಮ್ಮ. ಕೂಲಿ ಹೆಂಗಸ್ರು ಹನ್ನೊಂದು ಗಂಟೆಗೆ ಎಲ್ಲಿರ್ತಾರೆ ಅಂತ ಯೋಚ್ನೆ ಮಾಡ್ಲೇ ಇಲ್ಲ." ತಮಗೆ ಬಂದಿದ್ದ ಚಹಾವನ್ನು ಅವಳತ್ತ ಸರಿಸಿದರು. "ಕುಡಿ. ಅರ್ಧ ಪಟ್ಟಿ ನಂಗೆ ಕೊಡು. ಇವತ್ತೇ ಶುರು ಮಾಡೋಣ."

ಚಹಾ ಅಲ್ಲೇ ಬಿಟ್ಟು, ತನ್ನ ಅರ್ಧ ಪಟ್ಟಿ ಹಿಡಿದು ಎದ್ದಳು. ಒಗೆಯಲು ಕೊಟ್ಟಿದ್ದ ಕೋಟು ತರುವ ನೆಪದಲ್ಲಿ ಅವಳು ನೆಲಮಾಳಿಗೆಗೆ ಇಳಿದಳು. ಅಲ್ಲಿ ಆಸ್ಪತ್ರೆಯ ಬಟ್ಟೆ ಒಗೆಯುವ ಯಂತ್ರಗಳು ಗುಡುಗುತ್ತಿದ್ದವು.

"ಬನ್ನಿ ಪುಟ್ಟಡಾಕ್ಟ್ರೇ," ಎಂದಳು ಇಸ್ತ್ರಿ ಮೇಜಿನ ಮುಂದಿದ್ದ ಇಸ್ತ್ರಿಯಕ್ಕ. "ಮತ್ತೆ ಗುಂಡಿ ಕಿತ್ಕೊಂಡಿದೀರಿ. ಕೋಟು ಹಾಕ್ಕೋತೀರೋ, ಕುಸ್ತಿ ಆಡ್ತೀರೋ? ಕೂತ್ಕೊಳ್ಳಿ, ಇಸ್ತ್ರಿ ಕಾಯೋದ್ರೊಳಗೆ ಹೊಲಿದೇ ಕೊಡ್ತೀನಿ."

ಡಾಕ್ಟರಲ್ಲ, ಇನ್ನೂ ಕಲಿಯುತ್ತಿರುವವಳು ಎಂದು ಎಷ್ಟು ಸಲ ಹೇಳಿದ್ದರೂ ಇಸ್ತ್ರಿಯಕ್ಕ ಆ ಹೆಸರು ಬಿಟ್ಟಿರಲಿಲ್ಲ. ಗುಂಡಿ ಹೊಲಿಯಲು ಯಾರೂ ಹೇಳಿಯೂ ಇರಲಿಲ್ಲ.

ಬೆಂಚಿನ ಮೇಲೆ ಕೂತು ಅವಳು ಪಟ್ಟಿಯ ಮೊದಲ ನಂಬರು ಒತ್ತಿದಳು. ಗೋಡೆಯ ಕಪಾಟಿನಲ್ಲಿದ್ದ ತಗಡಿನ ಪೆಟ್ಟಿಗೆಯೊಳಗೆ ಏನೋ ಹಾಡಿತು. ಕರೆ ನಿಲ್ಲಿಸಿದಳು, ಹಾಡೂ ನಿಂತಿತು. ಮತ್ತೆ ಒತ್ತಿದಳು. ಮತ್ತೆ ಹಾಡಿತು.

"ಅಯ್ಯೋ, ನಂದೇ ಅದು. ಬಡ್ಕೊಳ್ಳಲಿ ಬಿಡಿ," ಎಂದು ಇಸ್ತ್ರಿಯಕ್ಕ ನಕ್ಕಳು. "ಪಾಳಿ ಮುಗಿಯೋ ತನಕ ಎಲ್ರ ಫೋನಿಗೂ ಬೀಗ. ಬೀಗದ ಕೈ ಮೇಸ್ತ್ರಿ ಹತ್ರ."

"ಅಕ್ಕ... ನೀವು ಎದೆ ತಪಾಸಣೆ ಮಾಡಿಸ್ಕೊಂಡಿದ್ರಾ?"

ಸೂಜಿ ನಿಂತಿತು. "ನಿಮ್ಗೆ ಯಾರು ಹೇಳಿದ್ರು? ಆಗ್ಲೇ ಎಂಟು ತಿಂಗಳಾಯ್ತು. ಯಾರೋ ಫೋನ್ ಮಾಡಿದ್ರು. ಸಾಯಂಕಾಲ ನಾನೂ ತಿರುಗಿ ಮಾಡ್ದೆ, ಕಚೇರಿ ಮುಚ್ಚಿದೆ ಅಂತ ಮಷೀನು ಹೇಳ್ತು. ಆಮೇಲೆ ಕರೀಲೇ ಇಲ್ಲ. ಸದ್ಯ, ಏನೂ ಇಲ್ಲ, ಬಚಾವಾದೆ ಅಂದ್ಕೊಂಡೆ." ದನಿ ತಗ್ಗಿಸಿದಳು. "ಗಂಟು ಈಗ ಸ್ವಲ್ಪ ದಪ್ಪ ಆಗಿದೆ. ನೋವಿಲ್ಲವಲ್ಲ. ನಿಮ್ಮನ್ನೇ ಕೇಳೋಣ ಅನ್ಸಿತ್ತು. ಓದೋ ಹುಡುಗಿ, ಯಾಕೆ ತೊಂದ್ರೆ ಕೊಡೋದು ಅಂತ ಸುಮ್ನಾದೆ."

ಅವಳು ಎದ್ದು ಇಸ್ತ್ರಿಯಕ್ಕನ ಕೈಗಳನ್ನು ಹಿಡಿದುಕೊಂಡಳು. ಮೇಡಂಗೆ ಫೋನ್ ಮಾಡಿ ಬರೀ "ಕೆಳಗೆ ಬನ್ನಿ" ಎಂದಳು.

ಮೇಡಂ ಮಂಡಿನೋವನ್ನೂ ಮರೆತು ಮೆಟ್ಟಿಲಿಳಿದು ಬಂದರು, ಪಟ್ಟಿಯ ಮೊದಲ ನಂಬರಿನ ಮೇಲೆ ಅವಳಿಟ್ಟ ಬೆರಳು ನೋಡಿಯೇ ತಿಳಿದುಕೊಂಡರು. "ಬಾರಮ್ಮ, ಇವತ್ತೇ ತೋರಿಸ್ಬಿಡೋಣ. ಮೇಸ್ತ್ರಿಗೆ ನಾನು ಹೇಳ್ತೀನಿ," ಎಂದು ಇಸ್ತ್ರಿಯಕ್ಕನ ತೋಳು ಹಿಡಿದರು. ಇಸ್ತ್ರಿಯಕ್ಕ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದಳು. ಬಾಗಿಲ ತನಕ ಹೋದವಳು ತಿರುಗಿ, "ಇಸ್ತ್ರಿ ಆರಿಸ್ಬಿಡಿ ಪುಟ್ಟಡಾಕ್ಟ್ರೇ, ನಿಮ್ಮ ಕೋಟು ಸುಟ್ಟೀತು," ಎಂದಳು.

ಅವಳು ಇಸ್ತ್ರಿ ಆರಿಸಿದಳು. ಪಟ್ಟಿಯ ಎರಡನೆಯ ನಂಬರು ಒತ್ತಿ ಫೋನನ್ನು ಕಿವಿಗೆ ಹಿಡಿದಳು. ಎಲ್ಲೋ ರಿಂಗಾಗುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ. ಮೇಜಿನ ಅಂಚಿನಲ್ಲಿ ಕೋಟು ಇಳಿಬಿದ್ದಿತ್ತು. ಅರ್ಧ ಹೊಲಿದ ಗುಂಡಿಯಿಂದ ದಾರ, ದಾರದ ತುದಿಯಲ್ಲಿ ಸೂಜಿ, ಯಂತ್ರಗಳ ಅದುರಾಟಕ್ಕೆ ಮೆಲ್ಲಗೆ ತೂಗುತ್ತಿತ್ತು.