ಕಾರಿನ ಎಣ್ಣೆ

ಕೊಯ್ಲಿನ ಕಾಲ. ಪಕ್ಕದ ಹೊಲದಲ್ಲಿ ಕಟಾವಿನ ಯಂತ್ರ ಬೆಳಗಿನಿಂದ ಗುಡುಗುತ್ತಿತ್ತು. ಅಂಗಳದಲ್ಲಿ ಭಾಮೈದ ಭಾವನ ಬೈಕಿನ ಕಪ್ಪಾದ ಎಣ್ಣೆಯನ್ನು ತೊಳೆದ ಬೋಗುಣಿಗೆ ಇಳಿಸಿ, ಅಡಿಯ ಬೋಲ್ಟನ್ನು ಮತ್ತೆ ಬಿಗಿದಿದ್ದ. ಅಷ್ಟರಲ್ಲಿ ದನದ ಡಾಕ್ಟರಾದ ಭಾವ ಚೀಲ ಹಿಡಿದು ಓಡಿಬಂದರು.

"ಗುಡ್ಡದ ಮೇಲಿನ ಮನೇಲಿ ಹಸು ಈಯೋಕಾಗದೆ ಒದ್ದಾಡ್ತಿದೆಯಂತೆ. ಬೇಗ ಸುರಿ ಮಾರಾಯ!"

ಭಾಮೈದ ತಾನು ಕೊಂಡು ತಂದಿದ್ದ ದುಬಾರಿ ಸಿಂಥೆಟಿಕ್ ಎಣ್ಣೆಯ ಡಬ್ಬಿಯ ಮುಚ್ಚಳ ತಿರುಗಿಸಿದ. ಡಬ್ಬಿಯ ಹಿಂದಿನ ಪುಟ್ಟ ಅಕ್ಷರ ಕಂಡು ಅವನ ಕೈ ನಿಂತಿತು.

"ಭಾವ, ಇದು ಕಾರಿಂದು. ಬೈಕಲ್ಲಿ ಕ್ಲಚ್ಚೂ ಎಂಜಿನ್ ಎಣ್ಣೇಲೇ ಮುಳುಗಿರುತ್ತೆ, ಇದನ್ನ ಹಾಕಿದ್ರೆ ಜಾರುತ್ತೆ, ಗುಡ್ಡ ಹತ್ತಲ್ಲ."

"ಕೊಳ್ಳುವಾಗ ಕಣ್ಣು ಎಲ್ಲಿಟ್ಟಿದ್ದೆ? ಅಂಗಡಿಗೆ ಹೋಗಿ ಬರೋಷ್ಟರಲ್ಲಿ ಹಸು ಉಳಿಯಲ್ಲ!"

ಭಾಮೈದ ಹಗ್ಗದ ಮೇಲಿದ್ದ ಅಕ್ಕನ ಹೊಸ ಹತ್ತಿ ಶಾಲನ್ನು ಎಳೆದು, ಆಲಿಕೆಗೆ ಹಾಸಿ, ಬೋಗುಣಿಯ ಹಳೆಯ ಎಣ್ಣೆಯನ್ನೇ ಮತ್ತೆ ಎಂಜಿನ್ನಿಗೆ ಸೋಸತೊಡಗಿದ. ಅದು ತೊಟ್ಟುತೊಟ್ಟಾಗಿ ಇಳಿಯಿತು. ಭಾವ ಬೈಕಿನ ಸುತ್ತ ಶತಪಥ ಹಾಕಿದರು. ಕೊನೆಗೂ ಎಂಜಿನ್ ಶುರುವಾಯಿತು. ಬೈಕು ಒಂದೇ ಉಸಿರಿಗೆ ಏರು ಹತ್ತಿ ಮರೆಯಾಯಿತು.

ಮಧ್ಯಾಹ್ನ ಭಾವನ ಫೋನು ಬಂತು. ತಾಯಿ, ಕರು ಎರಡೂ ಉಳಿದಿದ್ದವು. ಅಕ್ಕ ಶಾಲನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದಳು.

"ಹೊಸದು ಕೊಡಿಸ್ತೀನಿ ಅಕ್ಕಾ."

"ಹೋದ ಸಲ ಚೈನು ಒರೆಸಿದ ಟವಲ್ಲಿಗೆ ಬದಲೇ ಇನ್ನೂ ಬಂದಿಲ್ಲ," ಎಂದಳು ಅಕ್ಕ.